ಗಡಿಯಾರ ಹೇಳಿದ್ದನ್ನು ಅಳೆದು ನೋಡೋಣ: ಸ್ಮಾರ್ಟ್ ವಾಚ್ ಮತ್ತು ಫಿಟ್‌ನೆಸ್ ಬ್ಯಾಂಡ್ ಹೋಲಿಕೆಯ ಒಂದು ವಿಜ್ಞಾನ ಪಾಠ

ಪೀಠಿಕೆ

ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ತಾಲ್ಲೂಕುಗಳ ಪ್ರೌಢಶಾಲೆಗಳಿಗೆ ಬೋಧನಾಭ್ಯಾಸಕ್ಕೆ ಹೋಗುವ ನಮ್ಮ ಪ್ರಶಿಕ್ಷಣಾರ್ಥಿಗಳಿಗೆ ಒಂದು ಬದಲಾವಣೆ ಕಣ್ಣಿಗೆ ಬಿದ್ದಿರಬಹುದು. ಬಸ್ ನಿಲ್ದಾಣದ ಎದುರಿನ ಮೊಬೈಲ್ ಅಂಗಡಿಯಲ್ಲೂ ಜಾತ್ರೆಯ ಸಾಲಿನಲ್ಲೂ ಈಗ ಸ್ಮಾರ್ಟ್ ವಾಚ್ ತೂಗುತ್ತಿರುತ್ತದೆ. ಒಂದರಿಂದ ಎರಡು ಸಾವಿರ ರೂಪಾಯಿಯೊಳಗೆ ಅದು ಸಿಗುತ್ತದೆ. ಡಬ್ಬಿಯ ಮೇಲೆ ಹೆಜ್ಜೆ, ಹೃದಯ ಬಡಿತ, ಆಮ್ಲಜನಕ, ರಕ್ತದೊತ್ತಡ, ನಿದ್ರೆ, ನೂರಕ್ಕೂ ಹೆಚ್ಚು ಆಟಗಳು ಎಂದು ಬರೆದಿರುತ್ತದೆ. ಒಂಬತ್ತನೆಯ ತರಗತಿಯ ಮಕ್ಕಳಿಗೆ ಇವುಗಳ ಹೆಸರು ನಮಗಿಂತ ಚೆನ್ನಾಗಿ ಗೊತ್ತು. ಆದರೆ ಆ ಪರದೆಯ ಮೇಲಿನ ಸಂಖ್ಯೆ ಎಲ್ಲಿಂದ ಬಂತು, ಅದು ಸರಿಯೇ ಎಂದು ಕೇಳುವ ಅಭ್ಯಾಸ ಇನ್ನೂ ಬೆಳೆದಿಲ್ಲ.

ನಮ್ಮ ಅಜ್ಜಂದಿರ ಕಾಲದ ಗಡಿಯಾರವನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ ಎಚ್.ಎಂ.ಟಿ. 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರ ತಯಾರಿಕೆ ಆರಂಭಿಸಿತು. ಆ ಗಡಿಯಾರ ಹೇಳುತ್ತಿದ್ದುದು ಸಮಯವೊಂದನ್ನೇ. ದಿನಕ್ಕೊಮ್ಮೆ ಕೀಲಿ ಕೊಡಬೇಕಿತ್ತು, ದಿನಕ್ಕೆ ಒಂದಿಷ್ಟು ಮುಂದೆಯೋ ಹಿಂದೆಯೋ ಓಡುತ್ತಿತ್ತು. ಆದರೂ ಯಾರೂ ಮೋಸ ಹೋಗುತ್ತಿರಲಿಲ್ಲ. ಆಕಾಶವಾಣಿಯ ವಾರ್ತೆಯ ಹೊತ್ತಿಗೆ ಸರಿಯಾಗಿ ಮುಳ್ಳನ್ನು ಹೊಂದಿಸಿಕೊಳ್ಳುತ್ತಿದ್ದರು. ಅಂದರೆ ಗಡಿಯಾರ ಎಷ್ಟು ತಪ್ಪಿದೆ ಎಂದು ತಿಳಿಯಲು ಅವರ ಬಳಿ ಒಂದು ಪ್ರಮಾಣವಿತ್ತು. ಇಂದಿನ ಗಡಿಯಾರ ಹತ್ತು ಸಂಗತಿ ಹೇಳುತ್ತದೆ, ಆದರೆ ಅದನ್ನು ಹೋಲಿಸಿ ನೋಡುವ ಪ್ರಮಾಣವನ್ನು ಅಂಗಡಿಯವರು ಡಬ್ಬಿಯಲ್ಲಿಟ್ಟು ಕೊಡುವುದಿಲ್ಲ. ಆ ಪ್ರಮಾಣವನ್ನು ಮಕ್ಕಳ ಕೈಗೆ ಕೊಡುವುದೇ ಈ ಪಾಠದ ಉದ್ದೇಶ.

ಸ್ಮಾರ್ಟ್ ವಾಚ್ ಒಳ್ಳೆಯದೋ ಫಿಟ್‌ನೆಸ್ ಬ್ಯಾಂಡ್ ಒಳ್ಳೆಯದೋ ಎಂಬ ಪ್ರಶ್ನೆಗೆ ಎರಡನ್ನೂ ಅಕ್ಕಪಕ್ಕ ಇಟ್ಟರೆ ಉತ್ತರ ಸಿಗುವುದಿಲ್ಲ. ಎರಡನ್ನೂ ಮೂರನೆಯದೊಂದರ ಜೊತೆ, ಅಂದರೆ ನಾವೇ ಎಣಿಸಿದ, ನಾವೇ ಅಳೆದ ಬೆಲೆಯ ಜೊತೆ ಹೋಲಿಸಿದಾಗ ಮಾತ್ರ ಉತ್ತರ ಸಿಗುತ್ತದೆ. ಎರಡು ಅವಧಿಗಳಲ್ಲಿ ನಾನು ನಡೆಸಿದ ಈ ಪಾಠವನ್ನು ಬೇರೆ ಶಾಲೆಗಳಲ್ಲಿ ಬೋಧಿಸುವ ಸಹಪಾಠಿಗಳಿಗೆ ಉಪಯೋಗವಾಗಲೆಂದು ಇಲ್ಲಿ ಬರೆದಿದ್ದೇನೆ.

ಪಾಠದ ವಿವರ

ತರಗತಿ: 9
ವಿಷಯ: ವಿಜ್ಞಾನ (ಗಣಿತದ ಸಂಖ್ಯಾಶಾಸ್ತ್ರದ ಜೊತೆ ಜೋಡಣೆ)
ಘಟಕ: ಚಲನೆ ಘಟಕದ ಮುಂದುವರಿಕೆ
ಅವಧಿ: ತಲಾ 40 ನಿಮಿಷಗಳ ಎರಡು ಅವಧಿಗಳು
ಮಾದರಿ: 5ಇ

ಕಲಿಕಾ ಫಲಗಳು

ಪಾಠದ ಕೊನೆಗೆ ವಿದ್ಯಾರ್ಥಿಯು
1. ಕೈಗೆ ಕಟ್ಟುವ ಸಾಧನವು ನೇರವಾಗಿ ಅಳೆಯುವುದನ್ನೂ, ಲೆಕ್ಕ ಹಾಕಿ ಹೇಳುವುದನ್ನೂ, ಊಹಿಸಿ ಹೇಳುವುದನ್ನೂ ಬೇರ್ಪಡಿಸುತ್ತಾನೆ/ಳೆ.
2. ಒಂದು ಅಳತೆಯ ಶೇಕಡಾ ದೋಷವನ್ನು ಲೆಕ್ಕ ಮಾಡುತ್ತಾನೆ/ಳೆ.
3. ಸ್ಮಾರ್ಟ್ ವಾಚ್ ಮತ್ತು ಫಿಟ್‌ನೆಸ್ ಬ್ಯಾಂಡ್‌ಗಳನ್ನು ಉಪಯೋಗ, ನಿಖರತೆ, ಬ್ಯಾಟರಿ, ಬೆಲೆ ಈ ನಾಲ್ಕು ಅಂಶಗಳಲ್ಲಿ ಹೋಲಿಸುತ್ತಾನೆ/ಳೆ.
4. ಜಾಹೀರಾತಿನ ಒಂದು ಹೇಳಿಕೆಯನ್ನು ಪ್ರಯೋಗದಿಂದ ಪರೀಕ್ಷಿಸಬಹುದಾದ ಪ್ರಶ್ನೆಯಾಗಿ ಬದಲಾಯಿಸುತ್ತಾನೆ/ಳೆ.

ಪೂರ್ವಜ್ಞಾನ

ಮಕ್ಕಳು ಕೆಳಗಿನ ತರಗತಿಯಲ್ಲಿಯೇ ನಾಡಿಮಿಡಿತ ಎಣಿಸಿದ್ದಾರೆ. ದೂರ, ವೇಗ, ವೇಗೋತ್ಕರ್ಷಗಳ ಪರಿಚಯವಿದೆ. ಸರಾಸರಿ ಮತ್ತು ಶೇಕಡಾ ಲೆಕ್ಕ ಬರುತ್ತದೆ.

ಬೋಧನೋಪಕರಣಗಳು

ಒಂದು ಫಿಟ್‌ನೆಸ್ ಬ್ಯಾಂಡ್, ಒಂದು ಸ್ಮಾರ್ಟ್ ವಾಚ್ (ಎರಡನ್ನೂ ಎರವಲು ತಂದರೆ ಸಾಕು), 50 ಮೀಟರ್ ಟೇಪು, ಸೆಕೆಂಡ್ ಮುಳ್ಳಿರುವ ಗೋಡೆ ಗಡಿಯಾರ, ಒಂದು ಸೌತೆಕಾಯಿ, ಒಂದು ಕೊಡ, ಕಲಸಿದ ಜೋಳದ ಹಿಟ್ಟು ಒಂದು ಮುದ್ದೆ, ಮಣೆ. ಸಾಧನಗಳ ಕಂಪನಿಯ ಹೆಸರನ್ನು ಕಾಗದ ಅಂಟಿಸಿ ಮುಚ್ಚಿ, ಅ ಮತ್ತು ಬ ಎಂದು ಗುರುತು ಮಾಡುವುದು ಒಳ್ಳೆಯದು. ಹೆಸರು ಕಂಡರೆ ಮಕ್ಕಳು ಅಳೆಯುವ ಮೊದಲೇ ತೀರ್ಪು ಕೊಟ್ಟುಬಿಡುತ್ತಾರೆ.

ಮೊದಲ ಅವಧಿ

ಹಂತ 1: ತೊಡಗಿಸಿಕೊಳ್ಳುವಿಕೆ

ಕಪ್ಪುಹಲಗೆಯ ಮೇಲೆ 10,000 ಎಂದು ಬರೆದು, ದಿನಕ್ಕೆ ಇಷ್ಟು ಹೆಜ್ಜೆ ನಡೆಯಬೇಕೆಂದು ಯಾರು ಹೇಳಿದರು ಎಂದು ಕೇಳಿದೆ. ‘ಡಾಕ್ಟರ್ರು’, ‘ವಿಜ್ಞಾನಿಗಳು’, ‘ಮೊಬೈಲ್‌ನಾಗ ಬರ್ತೈತ್ರಿ’ ಎಂಬ ಉತ್ತರಗಳು ಬಂದವು. ನಂತರ ಅದರ ಕಥೆ ಹೇಳಬೇಕು. 1964ರಲ್ಲಿ ಟೋಕಿಯೊ ಒಲಿಂಪಿಕ್ಸ್ ನಡೆಯಿತು. ಮರುವರ್ಷ ಜಪಾನಿನ ಒಂದು ಗಡಿಯಾರ ಕಂಪನಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವ ಹೆಜ್ಜೆ ಎಣಿಕೆ ಯಂತ್ರವನ್ನು ಮಾರುಕಟ್ಟೆಗೆ ತಂದಿತು. ಅದರ ಹೆಸರು ‘ಮಾನ್ಪೊ-ಕೇ’. ಹತ್ತು ಸಾವಿರ ಹೆಜ್ಜೆಯ ಮಾಪಕ ಎಂದು ಆ ಹೆಸರಿನ ಅರ್ಥ. ಇಂದು ಲೋಕದ ಅನೇಕ ಬ್ಯಾಂಡ್‌ಗಳಲ್ಲಿ ಕಾಣುವ ಗುರಿ ಹೀಗೆ ಒಂದು ಸರಕಿನ ಹೆಸರಾಗಿ ಪ್ರಸಿದ್ಧಿಗೆ ಬಂತು. 2019ರಲ್ಲಿ ಅಮೆರಿಕದ ಐ-ಮಿನ್ ಲೀ ಮತ್ತು ಸಂಗಡಿಗರು ಸರಾಸರಿ 72 ವರ್ಷ ವಯಸ್ಸಿನ ಸುಮಾರು 17,000 ಮಹಿಳೆಯರ ಅಧ್ಯಯನ ಪ್ರಕಟಿಸಿದರು. ಹೆಚ್ಚು ನಡೆದವರಲ್ಲಿ ಸಾವಿನ ಪ್ರಮಾಣ ಕಡಿಮೆಯಿತ್ತು, ಆದರೆ ದಿನಕ್ಕೆ ಸುಮಾರು 7,500 ಹೆಜ್ಜೆ ದಾಟಿದ ಮೇಲೆ ಆ ಲಾಭ ಮತ್ತೆ ಹೆಚ್ಚಲಿಲ್ಲ. ನಡೆಯುವುದು ಒಳ್ಳೆಯದು ಎಂಬುದು ವಿಜ್ಞಾನ, ಹತ್ತು ಸಾವಿರ ಎಂಬ ದುಂಡು ಸಂಖ್ಯೆ ಬಂದದ್ದು ಮಾರಾಟದಿಂದ. ಇಷ್ಟು ಹೇಳಿದರೆ ಮಕ್ಕಳ ಕಿವಿ ನೆಟ್ಟಗಾಗುತ್ತದೆ.

ಹಂತ 2: ಅನ್ವೇಷಣೆ

ತರಗತಿಯನ್ನು ನಾಲ್ಕು ಗುಂಪು ಮಾಡಿ, ನಾಲ್ಕು ತಾಲ್ಲೂಕುಗಳ ಹೆಸರಿಟ್ಟೆ. ಪ್ರತಿ ಗುಂಪಿನಲ್ಲಿ ಒಬ್ಬರು ಎರಡೂ ಸಾಧನ ಕಟ್ಟಿಕೊಳ್ಳುವವರು, ಇಬ್ಬರು ಎಣಿಸುವವರು, ಒಬ್ಬರು ಬರೆಯುವವರು. ಎಣಿಸುವ ಇಬ್ಬರ ಸಂಖ್ಯೆ ಹೊಂದಿದರೆ ಮಾತ್ರ ಅದನ್ನು ಪ್ರಮಾಣವೆಂದು ಒಪ್ಪಬೇಕು. ಹೊಂದದಿದ್ದರೆ ಮತ್ತೆ ಎಣಿಸಬೇಕು. ಈ ನಿಯಮವನ್ನು ಮೊದಲೇ ಹೇಳಿಬಿಡಬೇಕು, ಏಕೆಂದರೆ ಪ್ರಮಾಣವೇ ಸಡಿಲವಾದರೆ ಮುಂದಿನದೆಲ್ಲ ವ್ಯರ್ಥ.

ಚಟುವಟಿಕೆ 1: ಇಂಡಿ ಗುಂಪು. ಆಟದ ಮೈದಾನದಲ್ಲಿ ಟೇಪಿನಿಂದ 50 ಮೀಟರ್ ಗುರುತು ಮಾಡಿ, ಸಹಜವಾಗಿ ಕೈಬೀಸಿಕೊಂಡು 200 ಹೆಜ್ಜೆ ನಡೆಯುವುದು. ಸಾಧನ ತೋರಿಸಿದ ಸಂಖ್ಯೆ ಬರೆದುಕೊಳ್ಳುವುದು. ಉದಾಹರಣೆಗೆ ಸಾಧನ 188 ತೋರಿಸಿತು ಎಂದಿರಲಿ. ವ್ಯತ್ಯಾಸ 12. ಶೇಕಡಾ ದೋಷ 12ನ್ನು 200ರಿಂದ ಭಾಗಿಸಿ 100ರಿಂದ ಗುಣಿಸಿದರೆ 6. ಇದೇ ಗುಂಪು 50 ಮೀಟರಿಗೆ ಎಷ್ಟು ಹೆಜ್ಜೆ ಬಿತ್ತೆಂದೂ ನೋಡಬೇಕು. 80 ಹೆಜ್ಜೆ ಬಿದ್ದರೆ ಒಂದು ಹೆಜ್ಜೆಯ ಉದ್ದ 62.5 ಸೆಂಟಿಮೀಟರ್. ಆ ಲೆಕ್ಕದಲ್ಲಿ ಹತ್ತು ಸಾವಿರ ಹೆಜ್ಜೆ ಎಂದರೆ 6.25 ಕಿಲೋಮೀಟರ್. ಜಿ.ಪಿ.ಎಸ್. ಇಲ್ಲದ ಬ್ಯಾಂಡ್ ದೂರ ಹೇಳುವುದು ಇದೇ ಗುಣಾಕಾರದಿಂದ. ಗಿಡ್ಡ ಹುಡುಗನಿಗೂ ಎತ್ತರದ ಹುಡುಗಿಗೂ ಒಂದೇ ಹೆಜ್ಜೆ ಉದ್ದ ಹಿಡಿದರೆ ಏನಾಗುತ್ತದೆಂದು ಮಕ್ಕಳೇ ಹೇಳಿದರು.

ಚಟುವಟಿಕೆ 2: ಸಿಂದಗಿ ಗುಂಪು. ತಲೆಯ ಮೇಲೆ ಕೊಡ ಹೊತ್ತು, ಸಾಧನ ಕಟ್ಟಿದ ಕೈಯಿಂದ ಕೊಡ ಹಿಡಿದುಕೊಂಡು 200 ಹೆಜ್ಜೆ ನಡೆಯುವುದು. ಕಾಲು ನಡೆದಿದೆ, ಆದರೆ ಕೈ ಬೀಸಿಲ್ಲ. ಎರಡೂ ಸಾಧನಗಳ ಎಣಿಕೆ ಹಿಂದೆ ಬಿದ್ದಿತು. ತೊಗರಿ ಹೊಲದಿಂದ ಮೇವಿನ ಹೊರೆ ಹೊತ್ತು ಬರುವ ತಾಯಿಗೆ ಈ ಬ್ಯಾಂಡ್ ಕಟ್ಟಿದರೆ ಅದು ಅವಳಿಗೆ ‘ಇಂದು ನೀವು ಸಾಕಷ್ಟು ನಡೆದಿಲ್ಲ’ ಎಂದು ಹೇಳೀತು!

ಚಟುವಟಿಕೆ 3: ಮುದ್ದೇಬಿಹಾಳ ಗುಂಪು. ನೆಲದ ಮೇಲೆ ಕುಳಿತು ಮಣೆಯ ಮೇಲೆ ಎರಡು ನಿಮಿಷ ರೊಟ್ಟಿ ಬಡಿಯುವುದು. ಈ ಕೆಲಸವನ್ನು ಒಬ್ಬ ಹುಡುಗನಿಗೆ ಕೊಟ್ಟೆ. ರೊಟ್ಟಿ ಹರಿಯಿತು, ಆದರೆ ಬ್ಯಾಂಡ್ ಹೆಜ್ಜೆಗಳನ್ನು ಎಣಿಸುತ್ತಲೇ ಹೋಯಿತು. ಕುಳಿತವನು ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ಇಡೀ ತರಗತಿ ನಕ್ಕಿತು, ಆದರೆ ಆ ನಗುವಿನಲ್ಲೇ ಅವರಿಗೆ ಅರ್ಥವಾಯಿತು: ಸಾಧನಕ್ಕೆ ಕಾಲು ಕಾಣುವುದಿಲ್ಲ, ಅದಕ್ಕೆ ಗೊತ್ತಿರುವುದು ಮಣಿಕಟ್ಟು ಮಾತ್ರ.

ಚಟುವಟಿಕೆ 4: ಬಸವನ ಬಾಗೇವಾಡಿ ಗುಂಪು. ಕುಳಿತಲ್ಲಿ ಒಬ್ಬರ ಮಣಿಕಟ್ಟಿನ ನಾಡಿಯನ್ನು ಪೂರ್ಣ 60 ಸೆಕೆಂಡ್ ಎಣಿಸಿ, ಅದೇ ಹೊತ್ತಿಗೆ ಸಾಧನ ತೋರಿಸುವ ಸಂಖ್ಯೆ ಬರೆಯುವುದು. 15 ಸೆಕೆಂಡ್ ಎಣಿಸಿ 4ರಿಂದ ಗುಣಿಸಿದರೆ ಬೇಗ ಆಗುತ್ತದೆ, ಆದರೆ ಒಂದು ಮಿಡಿತ ತಪ್ಪಿದರೆ ಉತ್ತರದಲ್ಲಿ ನಾಲ್ಕು ತಪ್ಪುತ್ತದೆ. ಆಮೇಲೆ ನಿಂತಲ್ಲೇ ಒಂದು ನಿಮಿಷ ಓಡಿ ಮತ್ತೆ ಅಳೆಯುವುದು. ಮೂರನೆಯದಾಗಿ ಪಟ್ಟಿ ಸಡಿಲ ಮಾಡಿ ಅಳೆಯುವುದು. ಕೊನೆಗೆ ಸಾಧನವನ್ನು ಸೌತೆಕಾಯಿಗೆ ಕಟ್ಟುವುದು. ಕೆಲವು ಸಾಧನಗಳು ಸೌತೆಕಾಯಿಗೂ ಹೃದಯ ಬಡಿತ ತೋರಿಸುತ್ತವೆ. ಏನೂ ತೋರಿಸದ ಸಾಧನ ಸಿಕ್ಕರೆ ಅದೂ ಒಂದು ಫಲಿತಾಂಶವೇ: ಗೊತ್ತಿಲ್ಲದಾಗ ಸುಮ್ಮನಿರುವುದು ಉಪಕರಣದ ಒಳ್ಳೆಯ ಗುಣ.

ಎರಡನೆಯ ಅವಧಿ

ಹಂತ 3: ವಿವರಣೆ

ಮೊದಲ ಅವಧಿಯಲ್ಲಿ ಕಂಡದ್ದಕ್ಕೆ ಕಾರಣ ಹುಡುಕುವ ಹಂತವಿದು. ಬಸ್ಸು ಗಕ್ಕನೆ ನಿಂತಾಗ ನಾವು ಮುಂದಕ್ಕೆ ವಾಲುತ್ತೇವೆ. ಬ್ಯಾಂಡಿನೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಲಿಕಾನ್ ತುಣುಕೊಂದು ಸ್ಪ್ರಿಂಗಿನಂಥ ಎಳೆಗಳ ಮೇಲೆ ನಿಂತಿರುತ್ತದೆ. ಕೈ ಅಲುಗಿದಾಗ ಅದು ಬಸ್ಸಿನ ಪ್ರಯಾಣಿಕನಂತೆ ವಾಲುತ್ತದೆ. ಆ ವಾಲುವಿಕೆ ವಿದ್ಯುತ್ ಸಂಕೇತವಾಗುತ್ತದೆ. ಇದು ವೇಗೋತ್ಕರ್ಷ ಮಾಪಕ. ಮೇಲೆ-ಕೆಳಗೆ, ಎಡ-ಬಲ, ಹಿಂದೆ-ಮುಂದೆ ಹೀಗೆ ಮೂರು ದಿಕ್ಕಿನಲ್ಲಿ ಅಳೆಯುತ್ತದೆ. ಸೆಕೆಂಡಿಗೆ ಸುಮಾರು ಎರಡು ಸಲದಂತೆ ಒಂದೇ ಲಯದ ಏರಿಳಿತ ಬಂದರೆ ಸಾಫ್ಟ್‌ವೇರ್ ಅದನ್ನು ನಡಿಗೆ ಎಂದು ತೀರ್ಮಾನಿಸುತ್ತದೆ. ರೊಟ್ಟಿ ಬಡಿಯುವ ಕೈಗೂ ಅದೇ ಲಯವಿದೆ. ಕೊಡ ಹಿಡಿದ ಕೈಗೆ ಆ ಲಯವಿಲ್ಲ.

ನಾಡಿಯ ಅಳತೆಗೆ ಬೆಳಕು ಬೇಕು. ಸಾಧನದ ಹಿಂಬದಿಯ ಹಸಿರು ದೀಪವನ್ನು ಮಕ್ಕಳಿಗೆ ತೋರಿಸಬೇಕು. ರಕ್ತ ಕೆಂಪಾಗಿ ಕಾಣುವುದು ಅದು ಹಸಿರು ಬೆಳಕನ್ನು ಚೆನ್ನಾಗಿ ಹೀರುವುದರಿಂದ. ಹೃದಯ ಬಡಿದಾಗ ಮಣಿಕಟ್ಟಿನ ಚರ್ಮದಡಿ ರಕ್ತ ಹೆಚ್ಚುತ್ತದೆ, ಮರಳಿ ಬರುವ ಬೆಳಕು ಕಡಿಮೆಯಾಗುತ್ತದೆ. ಎರಡು ಬಡಿತಗಳ ನಡುವೆ ಮತ್ತೆ ಹೆಚ್ಚಾಗುತ್ತದೆ. ಈ ಏರಿಳಿತವನ್ನು ಎಣಿಸಿದರೆ ಬಡಿತ. ಪಟ್ಟಿ ಸಡಿಲವಾದರೆ ಹೊರಗಿನ ಬೆಳಕು ಒಳಗೆ ನುಗ್ಗುತ್ತದೆ. ಓಡುವಾಗ ಸಾಧನವೇ ಕುಣಿಯುತ್ತದೆ. ನಮ್ಮ ಕಡೆಯ ಬೇಸಿಗೆಯಲ್ಲಿ ಬೆವರು ಪಟ್ಟಿಯನ್ನು ಜಾರಿಸುತ್ತದೆ. ರಕ್ತದ ಆಮ್ಲಜನಕಕ್ಕೆ ಕೆಂಪು ಮತ್ತು ಅವಕೆಂಪು ಬೆಳಕು ಬಳಸುತ್ತಾರೆ. ಕೊರೊನಾ ಕಾಲದಲ್ಲಿ ಮನೆಮನೆಗೆ ಬಂದ ಬೆರಳಿನ ಆಕ್ಸಿಮೀಟರಿನಲ್ಲಿ ಬೆಳಕು ಬೆರಳನ್ನು ದಾಟಿ ಆಚೆ ಬರುತ್ತದೆ. ಮಣಿಕಟ್ಟಿನಲ್ಲಿ ಅದು ದಾಟಲಾರದು, ಹಿಂದಿರುಗಿದ್ದನ್ನೇ ನಂಬಬೇಕು. ಹೀಗಾಗಿ ಅಲ್ಲಿನ ಅಳತೆ ಇನ್ನೂ ಕಷ್ಟ.

ಇಲ್ಲಿ ಹಲಗೆಯ ಮೇಲೆ ಮೂರು ಕಂಬಸಾಲು ಎಳೆದು ತುಂಬಿಸಿದೆವು.

ಅಳೆಯುವುದು: ಮಣಿಕಟ್ಟಿನ ಅಲುಗಾಟ, ಮರಳಿದ ಬೆಳಕು.
ಲೆಕ್ಕ ಹಾಕುವುದು: ಹೆಜ್ಜೆ, ನಾಡಿಬಡಿತ, ದೂರ.
ಊಹಿಸುವುದು: ಸುಟ್ಟ ಕ್ಯಾಲೊರಿ, ನಿದ್ರೆಯ ಹಂತ, ಮಾನಸಿಕ ಒತ್ತಡ.

ಮೇಲಿನಿಂದ ಕೆಳಗೆ ಇಳಿದಂತೆ ದೋಷ ಬೆಳೆಯುತ್ತದೆ. ಇದಕ್ಕೆ ಒಳ್ಳೆಯ ಸಾಕ್ಷಿ 2017ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಸಂಶೋಧಕರು ನಡೆಸಿದ ಪರೀಕ್ಷೆ. 60 ಸ್ವಯಂಸೇವಕರಿಗೆ ಏಳು ಬಗೆಯ ಸಾಧನ ಕಟ್ಟಿ ನೋಡಿದರು. ಏಳರಲ್ಲಿ ಆರು ಸಾಧನಗಳ ನಾಡಿಬಡಿತದ ದೋಷ ಶೇಕಡಾ 5ರೊಳಗಿತ್ತು. ಆದರೆ ಕ್ಯಾಲೊರಿಯಲ್ಲಿ ಅತ್ಯಂತ ನಿಖರವಾದ ಸಾಧನವೂ ಸರಾಸರಿ ಶೇಕಡಾ 27ರಷ್ಟು ತಪ್ಪಿತು. ಅತಿ ಹೆಚ್ಚು ತಪ್ಪಿದ್ದು ಶೇಕಡಾ 93ರಷ್ಟು. ಒಂದೇ ಪರದೆ, ಒಂದೇ ಅಕ್ಷರ, ಒಂದೇ ಹೊಳಪು. ಆದರೆ ಒಂದು ಸಂಖ್ಯೆಯನ್ನು ನಂಬಬಹುದು, ಪಕ್ಕದ್ದನ್ನು ನಂಬಲಾಗದು.

ಹಂತ 4: ವಿಸ್ತರಣೆ

ಅ) ಯಾವುದು ಯಾರಿಗೆ?

ಈಗ ಮಕ್ಕಳು ನಿಜವಾದ ಹೋಲಿಕೆಗೆ ಸಿದ್ಧರಾಗಿರುತ್ತಾರೆ. ಗುಂಪುಗಳು ಚರ್ಚಿಸಿ ಹೇಳಿದ್ದನ್ನು ತಿದ್ದಿ ಹೀಗೆ ಬರೆದೆವು.

ಉಪಯೋಗ: ಬ್ಯಾಂಡ್ ಮುಖ್ಯವಾಗಿ ಹೆಜ್ಜೆ, ನಾಡಿ, ನಿದ್ರೆ ನೋಡುತ್ತದೆ. ಸ್ಮಾರ್ಟ್ ವಾಚ್ ಅದರ ಜೊತೆಗೆ ಕರೆ, ಸಂದೇಶ, ಹಾಡು ತೋರಿಸುತ್ತದೆ. ಬೆಲೆ ಹೆಚ್ಚಿರುವವುಗಳಲ್ಲಿ ಬೇರೆ ಆ್ಯಪ್‌ಗಳನ್ನೂ ಹಾಕಬಹುದು, ಜಿ.ಪಿ.ಎಸ್. ಗಡಿಯಾರದಲ್ಲೇ ಇರುತ್ತದೆ. ಕಡಿಮೆ ಬೆಲೆಯವುಗಳಲ್ಲಿ ಅನೇಕವು ಜಿ.ಪಿ.ಎಸ್.ಗೆ ಮೊಬೈಲನ್ನೇ ಅವಲಂಬಿಸುತ್ತವೆ.

ನಿಖರತೆ: ಎರಡರಲ್ಲೂ ಇರುವ ಸಂವೇದಕಗಳ ಜಾತಿ ಒಂದೇ. ಪರದೆ ದೊಡ್ಡದಾದ ಮಾತ್ರಕ್ಕೆ ನಾಡಿ ಹೆಚ್ಚು ಸರಿಯಾಗಿ ಸಿಗುವುದಿಲ್ಲ. ಹಗುರವಾದ ಬ್ಯಾಂಡ್ ಬಿಗಿಯಾಗಿ ಕೂತರೆ ಅದೂ ಒಂದು ಲಾಭ.

ಬ್ಯಾಟರಿ: ಶಿಯೋಮಿ 2014ರಲ್ಲಿ ತಂದ ಮೊದಲ ಮಿ ಬ್ಯಾಂಡಿಗೆ ಪರದೆಯೇ ಇರಲಿಲ್ಲ, ಮೂರು ಸಣ್ಣ ದೀಪಗಳಿದ್ದವು. ಒಮ್ಮೆ ಚಾರ್ಜ್ ಮಾಡಿದರೆ 30 ದಿನ ಎಂದು ಕಂಪನಿ ಹೇಳಿತು. 2015ರಲ್ಲಿ ಬಂದ ಆ್ಯಪಲ್ ವಾಚಿಗೆ ಕಂಪನಿಯೇ ಹೇಳಿದ ಲೆಕ್ಕ 18 ಗಂಟೆ. ಪರದೆ ಮತ್ತು ಕೆಲಸ ಹೆಚ್ಚಿದಷ್ಟೂ ಚಾರ್ಜಿನ ಹಸಿವು ಹೆಚ್ಚು. ವಿದ್ಯುತ್ ಕೈಕೊಡುವ ಊರಿನಲ್ಲಿ, ಒಂದೊಂದು ಕಂಪನಿಗೆ ಒಂದೊಂದು ಬಗೆಯ ಚಾರ್ಜರ್ ಇರುವಾಗ, ಇದು ಸಣ್ಣ ಮಾತಲ್ಲ.

ಬೆಲೆ: ಡಬ್ಬಿಯ ಮೇಲೆ 6,999 ಎಂದು ಬರೆದು 1,299ಕ್ಕೆ ಮಾರುತ್ತಾರೆ ಎಂದಿರಲಿ. ರಿಯಾಯಿತಿ ಶೇಕಡಾ 81ಕ್ಕೂ ಹೆಚ್ಚು. ಆದರೆ 6,999ಕ್ಕೆ ಅದನ್ನು ಕೊಂಡವರು ಯಾರು? ರಿಯಾಯಿತಿಯನ್ನೂ ಒಂದು ಪ್ರಮಾಣದ ಜೊತೆ ಹೋಲಿಸಬೇಕು. ಅದೇ ದಿನ ಬೇರೆ ಮೂರು ಕಡೆ ಅದೇ ವಸ್ತುವಿಗೆ ಇರುವ ಬೆಲೆಯೇ ಆ ಪ್ರಮಾಣ.

ಆ) ಮಾರುಕಟ್ಟೆ ಏಕೆ ಹೀಗೆ ಓಡುತ್ತಿದೆ?

1984ರಲ್ಲಿ ಸ್ಥಾಪನೆಯಾದ, ಬೆಂಗಳೂರಿನಲ್ಲಿ ಮುಖ್ಯ ಕಚೇರಿಯಿರುವ ಟೈಟನ್ ಕೂಡ 2017ರಲ್ಲಿ ಫಾಸ್ಟ್‌ಟ್ರ್ಯಾಕ್ ರಿಫ್ಲೆಕ್ಸ್ ಎಂಬ ಬ್ಯಾಂಡ್ ತಂದಿತು. ಮುಂದೆ ನಾಯ್ಸ್, ಬೋಟ್, ಫೈರ್-ಬೋಲ್ಟ್ ಮುಂತಾದ ದೇಶದ ಕಂಪನಿಗಳು ಬೆಲೆ ಇಳಿಸುತ್ತಾ ಪೈಪೋಟಿಗೆ ನಿಂತವು. ಬ್ಯಾಂಡಿನ ಬೆಲೆಗೇ ಸ್ಮಾರ್ಟ್ ವಾಚ್ ಸಿಗತೊಡಗಿದಾಗ ಜನ ದೊಡ್ಡ ಪರದೆಯ ಕಡೆಗೆ ಹೋದರು. ಮಾರುಕಟ್ಟೆ ಸಮೀಕ್ಷೆ ನಡೆಸುವ ಐ.ಡಿ.ಸಿ. ಸಂಸ್ಥೆಯ ಪ್ರಕಾರ ಭಾರತದಲ್ಲಿ 2023ರಲ್ಲಿ ಸುಮಾರು 5 ಕೋಟಿ 34 ಲಕ್ಷ ಸ್ಮಾರ್ಟ್ ವಾಚ್‌ಗಳು ಮಾರುಕಟ್ಟೆಗೆ ಬಂದವು. 2024ರಲ್ಲಿ ಅದು ಸುಮಾರು 3 ಕೋಟಿ 50 ಲಕ್ಷಕ್ಕೆ, ಅಂದರೆ ಮೂರನೇ ಒಂದು ಭಾಗದಷ್ಟು ಕುಸಿಯಿತು. ಈ ಎರಡು ಸಂಖ್ಯೆ ಕೊಟ್ಟು ಶೇಕಡಾ ಇಳಿಕೆ ಲೆಕ್ಕ ಮಾಡಿಸಬಹುದು. ಏಕೆ ಇಳಿದಿರಬಹುದು ಎಂದು ಕೇಳಿದಾಗ ಒಬ್ಬ ಹುಡುಗ, ‘ಒಮ್ಮೆ ತೊಗೊಂಡವ್ರು ಮತ್ಯಾಕ ತೊಗೋತಾರ್ರೀ, ಹೊಸಾದು ಏನೂ ಇಲ್ಲಲ್ಲ’ ಎಂದ. ಅರ್ಥಶಾಸ್ತ್ರದ ಪುಸ್ತಕ ಓದದೆಯೂ ಅವನು ಮುಖ್ಯವಾದ ಕಾರಣವೊಂದನ್ನು ಹಿಡಿದಿದ್ದ. ಹೊಸದೇನೂ ಇಲ್ಲದಿದ್ದಾಗ ಪೈಪೋಟಿಗೆ ಉಳಿಯುವುದು ಎರಡೇ ದಾರಿ: ಬೆಲೆ ಇಳಿಸುವುದು, ಇಲ್ಲವೇ ಡಬ್ಬಿಯ ಮೇಲೆ ಇನ್ನೊಂದು ಸಾಲು ಬರೆಯುವುದು. ಎರಡನೆಯದು ಅಗ್ಗ, ಮತ್ತು ಅಪಾಯವಿರುವುದು ಅಲ್ಲಿಯೇ.

ಇ) ಸೂಜಿ ಚುಚ್ಚದೆ ಸಕ್ಕರೆ?

ಈ ಹಂತದಲ್ಲಿ ಒಬ್ಬ ವಿದ್ಯಾರ್ಥಿನಿ ಎದ್ದು ಕೇಳಿದ ಪ್ರಶ್ನೆ ಪಾಠದ ತೂಕವನ್ನೇ ಬದಲಿಸಿತು. ‘ಮೇಡಮ್, ಶುಗರ್ ತೋರಸೂ ವಾಚ್ ಬಂದೈತಂತ್ರಿ. ನಮ್ಮ ಆಯಿಗೆ ಅದನ್ನ ಕಟ್ಟಿದ್ರ ರಕ್ತ ತಗಸಾಕ ಹೋಗೂದು ತಪ್ಪತೈತಿ ಅಂತ ಮನ್ಯಾಗ ಮಾತಾಡ್ಲಾಕತ್ತಾರ. ತರಬೇಕೋ ಬ್ಯಾಡೋ?’

ಉತ್ತರವನ್ನು ನಾನು ತಕ್ಷಣ ಹೇಳದೆ ಮೂರು ಕಂಬಸಾಲಿನ ಕಡೆ ಕೈ ತೋರಿಸಿದೆ. ಸಕ್ಕರೆಯನ್ನು ಯಾವ ಸಾಲಿನಲ್ಲಿ ಬರೆಯೋಣ? ವಾಚಿನಲ್ಲಿ ಇರುವುದು ಅಲುಗಾಟದ ಮಾಪಕ ಮತ್ತು ಬೆಳಕು. ಬೆಳಕು ಹಿಡಿಯುವುದು ರಕ್ತದ ಬಣ್ಣವನ್ನು. ನೀರಿಗೆ ಸಕ್ಕರೆ ಹಾಕಿ ಕರಗಿಸಿದರೆ ಬಣ್ಣ ಬದಲಾಗುತ್ತದೆಯೇ? ಎರಡು ಲೋಟ ತಂದು, ಒಂದಕ್ಕೆ ಸಕ್ಕರೆ ಹಾಕಿ ಕಲಸಿ ಮೇಜಿನ ಮೇಲಿಟ್ಟೆವು. ಯಾವುದರಲ್ಲಿ ಸಕ್ಕರೆ ಇದೆ ಎಂದು ಕಣ್ಣಿನಿಂದ ಯಾರೂ ಹೇಳಲಾಗಲಿಲ್ಲ. ದವಾಖಾನೆಯ ಗ್ಲೂಕೋಮೀಟರಿನ ಪಟ್ಟಿಯಲ್ಲಿ ಒಂದು ಕಿಣ್ವವಿರುತ್ತದೆ. ಅದು ರಕ್ತದ ಹನಿಯಲ್ಲಿನ ಗ್ಲೂಕೋಸಿನ ಜೊತೆ ಕ್ರಿಯೆ ನಡೆಸಿದಾಗ ಹುಟ್ಟುವ ಸಣ್ಣ ವಿದ್ಯುತ್ತನ್ನು ಯಂತ್ರ ಅಳೆಯುತ್ತದೆ. ರಾಸಾಯನಿಕ ಕ್ರಿಯೆ ನಡೆಯಲು ಗ್ಲೂಕೋಸ್ ಅಲ್ಲಿಗೆ ತಲುಪಲೇಬೇಕು. ಚರ್ಮದ ಕೆಳಗೆ ಕೂದಲಿನಂಥ ಎಳೆ ಇಟ್ಟು ಸತತ ಅಳೆಯುವ ಬೇರೆ ಸಾಧನಗಳಿವೆ. ಅವು ಕಳಿಸಿದ ಸಂಖ್ಯೆಯನ್ನು ಕೆಲವು ವಾಚ್‌ಗಳು ತೋರಿಸಬಲ್ಲವು. ಅಳೆಯುವುದು ಆ ಎಳೆ, ವಾಚಲ್ಲ.

2024ರ ಫೆಬ್ರವರಿಯಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತ ಸಂಸ್ಥೆ ಇದೇ ವಿಷಯಕ್ಕೆ ಸಾರ್ವಜನಿಕ ಎಚ್ಚರಿಕೆ ಹೊರಡಿಸಿತು. ಚರ್ಮ ಚುಚ್ಚದೆ ತಾನಾಗಿಯೇ ರಕ್ತದ ಸಕ್ಕರೆ ಅಳೆಯುವ ಯಾವ ಸ್ಮಾರ್ಟ್ ವಾಚಿಗೂ ಉಂಗುರಕ್ಕೂ ತಾನು ಅನುಮತಿ ಕೊಟ್ಟಿಲ್ಲ, ಇಂಥವನ್ನು ನಂಬಿ ಔಷಧಿಯ ಪ್ರಮಾಣ ತಪ್ಪಿದರೆ ಜೀವಕ್ಕೇ ಅಪಾಯ ಎಂದಿತು. ಸುಳ್ಳು ಸಂಖ್ಯೆ ನೋಡಿ ಇನ್ಸುಲಿನ್ ಹೆಚ್ಚು ತೆಗೆದುಕೊಂಡರೆ ಸಕ್ಕರೆ ಕುಸಿದು ಪ್ರಜ್ಞೆ ತಪ್ಪಬಹುದು. ಸರಿಯಿದೆ ಎಂದು ಗುಳಿಗೆ ಬಿಟ್ಟರೆ ಕಣ್ಣು, ಮೂತ್ರಪಿಂಡಗಳು ಸದ್ದಿಲ್ಲದೆ ಕೆಡಬಹುದು. ಹೆಜ್ಜೆಯಲ್ಲಿ ಶೇಕಡಾ 6ರ ದೋಷ ನಗೆಯ ಮಾತು. ಸಕ್ಕರೆಯಲ್ಲಿ ಸುಳ್ಳು ನಗೆಯ ಮಾತಲ್ಲ.

ರಕ್ತದೊತ್ತಡದ ವಿಷಯವೂ ಹೀಗೆಯೇ. ಸ್ಯಾಮ್‌ಸಂಗ್ ತನ್ನ ಗ್ಯಾಲಕ್ಸಿ ವಾಚಿನ ರಕ್ತದೊತ್ತಡ ಅಳತೆಗೆ ತೋಳಿಗೆ ಕಟ್ಟುವ ಯಂತ್ರದ ಜೊತೆ 28 ದಿನಕ್ಕೊಮ್ಮೆ ಹೊಂದಾಣಿಕೆ ಮಾಡಿಕೊಳ್ಳಬೇಕೆಂದು ಹೇಳುತ್ತದೆ. ಇದು ಹಿಂದಿನವರು ಆಕಾಶವಾಣಿಗೆ ಗಡಿಯಾರ ಹೊಂದಿಸಿದಂತೆಯೇ. ಹೊಂದಾಣಿಕೆಯನ್ನೇ ಕೇಳದೆ ಕಟ್ಟಿದೊಡನೆ 120/80 ತೋರಿಸುವ ವಾಚನ್ನು ಏನೆಂದು ತಿಳಿಯಬೇಕು? ಮಕ್ಕಳು ಒಕ್ಕೊರಲಿನಿಂದ ‘ಸೌತಿಕಾಯಿಗಿ ಕಟ್ಟಿ ನೋಡಬೇಕ್ರಿ’ ಎಂದರು.

ಪೆಟ್ಟಿಗೆಯ ಮೇಲೆ ಇರುವ ಬಿ.ಐ.ಎಸ್. ನೋಂದಣಿ ಗುರುತಿನ ಅರ್ಥವನ್ನೂ ಹೇಳಬೇಕು. ಅದು ವಿದ್ಯುತ್ ಸುರಕ್ಷತೆಗೆ ಸಂಬಂಧಿಸಿದ್ದು. ಬ್ಯಾಟರಿ, ಶಾಕ್, ಬೆಂಕಿ ಇವುಗಳ ಮಾತು. ಒಳಗಿನ ನಾಡಿ, ಒತ್ತಡಗಳ ಸಂಖ್ಯೆ ಸರಿಯೆಂಬ ಭರವಸೆ ಅದರಲ್ಲಿಲ್ಲ.

ಕಪ್ಪುಹಲಗೆ ಸಾರಾಂಶ

1. ಸಾಧನಕ್ಕೆ ಗೊತ್ತಿರುವುದು ಅಲುಗಾಟ ಮತ್ತು ಬೆಳಕು ಮಾತ್ರ. ಉಳಿದದ್ದು ಲೆಕ್ಕ ಇಲ್ಲವೇ ಊಹೆ.
2. ಶೇಕಡಾ ದೋಷ = (ಪ್ರಮಾಣ ಬೆಲೆಗೂ ಸಾಧನದ ಬೆಲೆಗೂ ಇರುವ ವ್ಯತ್ಯಾಸ ÷ ಪ್ರಮಾಣ ಬೆಲೆ) × 100.
3. ನಡಿಗೆಯ ಅಭ್ಯಾಸಕ್ಕೆ ಬ್ಯಾಂಡ್ ಸಾಕು. ಕರೆ, ಸಂದೇಶ, ಜಿ.ಪಿ.ಎಸ್. ಬೇಕಾದವರಿಗೆ ಸ್ಮಾರ್ಟ್ ವಾಚ್.
4. ಒಂದೇ ಸಾಧನ ದಿನದಿಂದ ದಿನಕ್ಕೆ ತೋರಿಸುವ ಏರಿಳಿತ ಉಪಯುಕ್ತ. ಒಂದು ದಿನದ ಒಂದು ಸಂಖ್ಯೆಗೆ ಅಷ್ಟು ಬೆಲೆಯಿಲ್ಲ.
5. ಔಷಧಿಯ ತೀರ್ಮಾನ ವಾಚಿನಿಂದ ಅಲ್ಲ, ವೈದ್ಯರಿಂದ.

ಮೌಲ್ಯಮಾಪನ

1. ಉಗಾದಿಗೆ ಶ್ರೀಶೈಲಕ್ಕೆ ಪಾದಯಾತ್ರೆ ಹೋಗುವವರು ಬ್ಯಾಂಡ್ ಕಟ್ಟಿಕೊಂಡು, ಕೈಯನ್ನು ಹೆಗಲ ಚೀಲದ ಪಟ್ಟಿಯ ಮೇಲಿಟ್ಟು ನಡೆದರೆ ಎಣಿಕೆ ಹೇಗಿರುತ್ತದೆ? ಕಾರಣ ಕೊಡಿ.
2. ನಾಡಿ ಎಣಿಸಿದಾಗ 80, ಸಾಧನದಲ್ಲಿ 84. ಶೇಕಡಾ ದೋಷ ಎಷ್ಟು?
3. ಸೈಕಲ್ ತುಳಿಯುವಾಗ ಬ್ಯಾಂಡ್ ಹೆಜ್ಜೆಗಳನ್ನು ಸರಿಯಾಗಿ ಎಣಿಸುವುದಿಲ್ಲ, ಆದರೆ ನಾಡಿ ಏರಿದ್ದನ್ನು ತೋರಿಸುತ್ತದೆ. ಏಕೆ?
4. ‘ನೂರು ಆಟಗಳನ್ನು ಗುರುತಿಸುತ್ತದೆ’ ಎಂಬ ಹೇಳಿಕೆಯನ್ನು ಪರೀಕ್ಷಿಸಲು ಒಂದು ಪ್ರಯೋಗ ಬರೆಯಿರಿ.

ಗೃಹಪಾಠ

ಮನೆಯ ಹಿರಿಯರೊಬ್ಬರ ಒಂದು ದಿನದ ಕೆಲಸವನ್ನು ಗಂಟೆಗೊಮ್ಮೆ ಬರೆದುಕೊಂಡು, ಅದರಲ್ಲಿ ಬ್ಯಾಂಡ್ ಯಾವುದನ್ನು ಎಣಿಸುತ್ತದೆ, ಯಾವುದನ್ನು ಬಿಡುತ್ತದೆ ಎಂದು ಎರಡು ಪಟ್ಟಿ ಮಾಡುವುದು. ಇದಕ್ಕೆ ಬ್ಯಾಂಡ್ ಬೇಕಿಲ್ಲ. ಕೊಳ್ಳಲಾಗದ ಮನೆಯ ಮಗು ಈ ಪಾಠದಿಂದ ಹೊರಗುಳಿಯಬಾರದು.

ಅವಲೋಕನ

ಮಕ್ಕಳು ತಂದ ಗೃಹಪಾಠ ಓದಿದಾಗ ಎರಡನೆಯ ಪಟ್ಟಿಯೇ ಉದ್ದವಾಗಿತ್ತು. ಲಿಂಬೆ ಕೊಯ್ಯುವುದು, ಕಳೆ ಕೀಳುವುದು, ಬೀಸುವುದು, ಹೊರೆ ಹೊರುವುದು, ಎಮ್ಮೆ ಹಿಂಡುವುದು. ದಣಿವಿನ ಈ ಕೆಲಸಗಳಲ್ಲಿ ಹೆಚ್ಚಿನವು ನಡಿಗೆ ಎಣಿಸುವ ಸಾಧನದ ಲೆಕ್ಕಕ್ಕೆ ಬರುವುದಿಲ್ಲ. ‘ನಮ್ಮವ್ವ ಎಷ್ಟ್ ದುಡೀತಾಳ ಅಂತ ಬರದಾಗ ಗೊತ್ತಾತ್ರಿ’ ಎಂದು ಒಬ್ಬಳು ಹೇಳಿದಳು. ವಿಜ್ಞಾನದ ಪಾಠದಿಂದ ಇಂಥ ಮಾತು ಬರುವುದನ್ನು ನಾನು ಎಣಿಸಿರಲಿಲ್ಲ.

ಸಹಪಾಠಿಗಳಿಗೆ ಮೂರು ಸೂಚನೆಗಳು. ಒಂದು, ಸಾಧನಗಳು ಸಿಗದಿದ್ದರೆ ಪಾಠ ಬಿಡಬೇಡಿ. ಮೊಬೈಲಿನಲ್ಲೂ ವೇಗೋತ್ಕರ್ಷ ಮಾಪಕವಿದೆ, ಅದನ್ನು ಕೈಯಲ್ಲಿ ಹಿಡಿದು, ಜೇಬಿನಲ್ಲಿಟ್ಟು ಹೆಜ್ಜೆಯ ಪ್ರಯೋಗ ಮಾಡಬಹುದು. ಎರಡು, ಮಕ್ಕಳ ನಾಡಿ ಮುಂತಾದ ಆರೋಗ್ಯ ಮಾಹಿತಿಯನ್ನು ಯಾವುದೇ ಆ್ಯಪಿನಲ್ಲಿ ಅವರ ಹೆಸರಿನಲ್ಲಿ ದಾಖಲಿಸಬೇಡಿ. ಕಾಗದದ ಮೇಲೆ ಬರೆದರೆ ಸಾಕು. ಮೂರು, ವಾಚ್ ಕಟ್ಟಿಕೊಂಡು ಬಂದ ಮಗುವಿನ ಎದುರು ಅದನ್ನು ಹಳಿಯಬೇಡಿ. ಮನೆಯವರು ಆಸೆಯಿಂದ ಕೊಡಿಸಿರುತ್ತಾರೆ. ಅದನ್ನೇ ಪ್ರಯೋಗಕ್ಕೆ ಕೇಳಿ ಪಡೆದರೆ ಆ ಮಗುವೇ ಅತ್ಯಂತ ಕಟ್ಟುನಿಟ್ಟಿನ ಪರೀಕ್ಷಕನಾಗುತ್ತದೆ.

ಆಯಿಗೆ ವಾಚ್ ತರುವ ಬಗ್ಗೆ ಕೇಳಿದ ವಿದ್ಯಾರ್ಥಿನಿಗೆ ಕೊನೆಯಲ್ಲಿ ಹೇಳಿದ್ದಿಷ್ಟು: ಆಯಿ ದಿನಾ ಸಂಜೆ ನಡೆಯಲಿ ಎಂಬ ಆಸೆಯಿದ್ದರೆ ಬ್ಯಾಂಡ್ ಕಟ್ಟಿ, ನಿನ್ನೆಗಿಂತ ಇಂದು ಹೆಚ್ಚೋ ಕಡಿಮೆಯೋ ನೋಡಿ ಹುರುಪು ಕೊಡಬಹುದು. ಸಕ್ಕರೆ ನೋಡಲು ಮಾತ್ರ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೇ ಕರೆದುಕೊಂಡು ಹೋಗಬೇಕು. ಎರಡು ಲೋಟದ ನೀರಿನ ಪ್ರಯೋಗವನ್ನು ಮನೆಯಲ್ಲಿ ಎಲ್ಲರಿಗೂ ಮಾಡಿ ತೋರಿಸುವುದಾಗಿ ಅವಳು ಹೇಳಿ ಹೋದಳು.